4.3 ಸ್ಟಾರ್ ನೋಡಿ ಕೊಂಡ ಕುಕ್ಕರ್, ಆರು ತಿಂಗಳ ನಂತರ

ಐದು ಲೀಟರಿನ ಸ್ಟೀಲ್ ಕುಕ್ಕರ್, ಹೊರಗಿನಿಂದ ಮುಚ್ಚುವ ಮುಚ್ಚಳದ್ದು. ಯುಗಾದಿ ಸಮಯದಲ್ಲಿ ಆನ್‌ಲೈನ್‌ನಲ್ಲಿ 2,149 ರೂಪಾಯಿಗೆ ತೆಗೆದುಕೊಂಡೆ. ಕುಕ್ಕರ್ ಹೇಗಿದೆ ಅಂತ ಮಾತ್ರ ಬರೆದರೆ ನಾಲ್ಕೇ ಸಾಲು. ಅದನ್ನೇ ಯಾಕೆ ತೆಗೆದುಕೊಂಡೆ ಅನ್ನುವುದು ಸ್ವಲ್ಪ ನಾಚಿಕೆಯ ಕಥೆ, ಅದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಆ ನಾಲ್ಕು ಸಾಲು. ತಳ ದಪ್ಪ ಇದೆ, ಅನ್ನ ತಳ ಹಿಡಿಯುವುದಿಲ್ಲ. ತೊಗರಿಬೇಳೆ ಮೂರು ಕೂಗಿಗೆ ಬೇಯುತ್ತದೆ. ನೆನೆಸಿದ ಹುರುಳಿಕಾಳಿಗೆ ಐದಾರು ಕೂಗು ಬೇಕು. ಬೇಳೆ ಸ್ವಲ್ಪ ಜಾಸ್ತಿ ಹಾಕಿದರೆ ವಿಶಲ್‌ನಿಂದ ಹಳದಿ ನೀರು ಚಿಮ್ಮಿ ಒಲೆ, ಗೋಡೆ ಎಲ್ಲಾ ಒರೆಸುವ ಕೆಲಸ ಬೀಳುತ್ತದೆ, ಆದರೆ ಆ ತಪ್ಪು ನನ್ನದೇ. ಐದು ಲೀಟರ್ ಅಂದರೆ ಐದು ಲೀಟರ್ ತುಂಬಿಸುವುದಲ್ಲ, ಬೇಳೆಕಾಳಿಗೆ ಅರ್ಧ ದಾಟಬಾರದು.

ಈಗ ಕಥೆ. ಹಬ್ಬಕ್ಕೆ ಮೂರು ದಿನ ಇರುವಾಗ ಅತ್ತೆಯ ಹಳೇ ಅಲ್ಯೂಮಿನಿಯಂ ಕುಕ್ಕರಿನ ಹಿಡಿ ಮುರಿಯಿತು. ಹೋಳಿಗೆಗೆ ಬೇಳೆ ಬೇಯಿಸಬೇಕು, ಮನೆಗೆ ನಾದಿನಿ ಕುಟುಂಬ ಬರುವುದಿದೆ. ರಾತ್ರಿ ಹತ್ತೂವರೆಗೆ ಮೊಬೈಲ್ ಹಿಡಿದು ಕೂತೆ. ಮೊದಲು ನೋಡಿದ್ದು ಕುಕ್ಕರನ್ನಲ್ಲ, ನಮ್ಮ ಮೈಸೂರಿನ ಪಿನ್‌ಕೋಡ್ ಹಾಕಿ "ಯಾವತ್ತು ತಲುಪುತ್ತದೆ" ಅಂತ. ನಾಳಿದ್ದು ಅಂದವು ಉಳಿದವು, ತಡ ಅಂದವೆಲ್ಲ ಅಲ್ಲೇ ಔಟ್. ಅವುಗಳಲ್ಲಿ ಒಳ್ಳೆಯದು ಎಷ್ಟಿತ್ತೋ ದೇವರಿಗೇ ಗೊತ್ತು.

ಆಮೇಲೆ ಸ್ಟಾರ್. 4.3, ಅದೂ ಹನ್ನೊಂದು ಸಾವಿರ ಜನರದ್ದು. ಇಷ್ಟು ಜನ ಹೇಳಿದ ಮೇಲೆ ಇನ್ನೇನು, ಅಲ್ವಾ? ಆಮೇಲೆ ಪುರುಸೊತ್ತಾಗಿ ಓದಿದಾಗ ಗೊತ್ತಾಯಿತು, ಅದು ಎರಡು ಲೀಟರ್, ಮೂರು ಲೀಟರ್, ಐದು ಲೀಟರ್ ಎಲ್ಲದಕ್ಕೂ ಸೇರಿಸಿ ಕೊಟ್ಟ ಅಂಕ. ಅದರಲ್ಲೂ ಎಷ್ಟೋ ಜನ ಪೆಟ್ಟಿಗೆ ಬಿಚ್ಚಿದ ದಿನವೇ "ಡೆಲಿವರಿ ಸೂಪರ್" ಅಂತ ಐದು ಸ್ಟಾರ್ ಒತ್ತಿದವರು. ಒಂದು ಕೂಗೂ ಕೇಳದೆ ಕುಕ್ಕರಿಗೆ ಮಾರ್ಕ್ಸು!

ಬೆಲೆಯಂತೂ ನೋಡಿ. 4,250ಕ್ಕೆ ಗೀಟು ಹಾಕಿ, ಪಕ್ಕದಲ್ಲಿ 2,149, ಹಸಿರು ಅಕ್ಷರದಲ್ಲಿ 49% ಕಡಿಮೆ. ಅರ್ಧ ದುಡ್ಡು ಉಳಿಸಿದೆ ಅಂತ ಗಂಡನ ಹತ್ತಿರ ಜಂಬ ಬೇರೆ ಕೊಚ್ಚಿದೆ. ನಮ್ಮ ಬೀದಿ ಕೊನೆಯ ಪಾತ್ರೆ ಅಂಗಡಿಯವರೂ ಎಂಆರ್‌ಪಿಗೆ ಯಾವತ್ತೂ ಮಾರಿದವರಲ್ಲ, ಅಲ್ಲಿ ಮಾತ್ರ ಅದನ್ನು ಆಫರ್ ಅಂತ ಯಾರೂ ಕರೆಯುವುದಿಲ್ಲ. ಕೆಳಗಡೆ ಕೆಂಪಕ್ಷರದಲ್ಲಿ "ಎರಡೇ ಉಳಿದಿವೆ" ಅಂತಿತ್ತು. ಮೂರು ವಾರ ಬಿಟ್ಟು ಸುಮ್ನೆ ನೋಡಿದೆ, ಎರಡೇ ಉಳಿದಿವೆ. ಹೀಗೆ ಸುಳ್ಳು ಅವಸರ ಹುಟ್ಟಿಸುವುದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಪಟ್ಟಿ ಮಾಡಿದ 13 ಮೋಸದ ಪಟ್ಟುಗಳಲ್ಲಿ ಒಂದು. ಕೇಳದೆ ಬುಟ್ಟಿಗೆ ಏನಾದರೂ ತುರುಕುವುದೂ ಅದೇ ಪಟ್ಟಿಯಲ್ಲಿದೆ. ನನ್ನ ಬಿಲ್‌ನಲ್ಲಿ 149 ರೂಪಾಯಿಯ ಹೆಚ್ಚುವರಿ ವಾರಂಟಿ ತಾನಾಗೇ ಟಿಕ್ ಆಗಿ ಕೂತಿತ್ತು. ಅದೊಂದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತೆಗೆದೆ.

ದುಡ್ಡು ಕ್ಯಾಶ್ ಆನ್ ಡೆಲಿವರಿ. "ವಸ್ತು ಕೈಗೆ ಬರದೆ ದುಡ್ಡು ಕೊಡಬೇಡಮ್ಮ" ಅಂದರು ಅತ್ತೆ. 2010ರಲ್ಲಿ ಫ್ಲಿಪ್‌ಕಾರ್ಟ್ ಇದನ್ನು ಶುರು ಮಾಡಿದ್ದೂ ನಮ್ಮತ್ತೆಯಂಥವರ ಭಯಕ್ಕೇ ಇರಬೇಕು. ಕೈಗೆ ಬರುವುದು ಟೇಪು ಸುತ್ತಿದ ಪೆಟ್ಟಿಗೆ, ಒಳಗಿನದ್ದು ದುಡ್ಡು ಕೊಟ್ಟ ಮೇಲೇ ಕಾಣುವುದು, ಅದು ಬೇರೆ ಮಾತು.

ಹೇಳಿದ ದಿನವೇ ಬಂತು, ಸುಳ್ಳು ಹೇಳಬಾರದು. ಆದರೆ ಮೊದಲ ಕುಕ್ಕರ್ ಕೂಗಲೇ ಇಲ್ಲ. ಮುಚ್ಚಳದ ಅಂಚಿನಿಂದ ಬುಸ್ ಅಂತ ಆವಿ. ಹಬ್ಬದ ಬೇಳೆಯನ್ನು ಕೊನೆಗೆ ತಪ್ಪಲೆಯಲ್ಲೇ ಬೇಯಿಸಿದ್ದಾಯಿತು. ಬದಲಾಯಿಸಿಕೊಡಿ ಅಂತ ಆ್ಯಪ್‌ನಲ್ಲಿ ಹಾಕಿದರೆ ಮುಚ್ಚಳದ ಫೋಟೋ ಕಳಿಸಿ ಅಂದರು. ಆವಿ ಫೋಟೋದಲ್ಲಿ ಎಲ್ಲಿ ಕಾಣಬೇಕು! ವಿಡಿಯೋ ಮಾಡಿ ಕಳಿಸಿದೆ, ಒಂಬತ್ತು ದಿನಕ್ಕೆ ಬೇರೆಯದು ಬಂತು. ಈಗ ಬಳಸುತ್ತಿರುವುದು ಅದೇ.

ನಾನು ನೋಡದೇ ಬಿಟ್ಟದ್ದು ಇನ್ನೊಂದಿದೆ. ಮನೆ ಬಳಕೆಯ ಕುಕ್ಕರಿಗೆ 2021ರ ಫೆಬ್ರವರಿಯಿಂದ ಐಎಸ್‌ಐ ಗುರುತು ಕಡ್ಡಾಯ. ಅದಿಲ್ಲದ ಕುಕ್ಕರುಗಳನ್ನು ತಮ್ಮ ತಾಣದಲ್ಲಿ ಮಾರಲು ಬಿಟ್ಟಿದ್ದಕ್ಕೆ 2022ರಲ್ಲಿ ಅದೇ ಪ್ರಾಧಿಕಾರ ಅಮೆಜಾನ್, ಫ್ಲಿಪ್‌ಕಾರ್ಟ್ ಎರಡಕ್ಕೂ ತಲಾ 1 ಲಕ್ಷ ರೂಪಾಯಿ ದಂಡ ಹಾಕಿ ಆದೇಶ ಹೊರಡಿಸಿತ್ತು. ಅಂದರೆ ದೊಡ್ಡ ತಾಣ ಅಂದಮಾತ್ರಕ್ಕೆ ಕಣ್ಣು ಮುಚ್ಚಿ ಕೊಳ್ಳುವ ಹಾಗಿಲ್ಲ. ನನ್ನದರ ಮೇಲೆ ಐಎಸ್‌ಐ ಗುರುತು ಇದೆ, ಪಕ್ಕದಲ್ಲಿ ಕುಕ್ಕರಿನ ಮಾನದಂಡದ ಸಂಖ್ಯೆ ಐಎಸ್ 2347 ಅಂತಲೂ ಇದೆ. ಅದರ ಜೊತೆಗಿರುವ ಲೈಸೆನ್ಸ್ ನಂಬರನ್ನು, ಈ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ "ಬಿಐಎಸ್ ಕೇರ್" ಆ್ಯಪ್‌ನಲ್ಲಿ ಹಾಕಿ ನೋಡಿದೆ, ಸರಿಯಾಗೇ ಬಂತು. ಇದನ್ನೆಲ್ಲ ಮಾಡಿದ್ದು ಕುಕ್ಕರ್ ಮನೆಗೆ ಬಂದ ಮೇಲೆ.

ಐದನೇ ತಿಂಗಳಿಗೆ ಗ್ಯಾಸ್ಕೆಟ್ ಸಡಿಲವಾಯಿತು. ಅದು ಸವೆಯುವ ವಸ್ತುವೇ, ತಕರಾರಿಲ್ಲ. ಬೀದಿ ಕೊನೆಯ ಅಂಗಡಿಗೆ ಹಳೆಯದನ್ನು ಹಿಡಿದುಕೊಂಡು ಹೋದೆ. ಅಂಗಡಿಯವರು ಅದನ್ನು ಬೆರಳಿಗೆ ಸಿಕ್ಕಿಸಿ ಎರಡು ಸಲ ತಿರುಗಿಸಿ, ಮೊಳೆಗೆ ನೇತುಹಾಕಿದ್ದ ಗೊಂಚಲಿನಿಂದ ಮೂರು ನಾಲ್ಕು ತೆಗೆದು ಅಳತೆ ಹಿಡಿದು ನೋಡಿದರು. "ಈ ಕಂಪನೀದು ನಮ್ಮಲ್ಲಿ ಬರಲ್ಲ ಮೇಡಂ. ಬೇರೇದು ಹಾಕಿದ್ರೆ ಕೂರಲ್ಲ." ಮತ್ತೆ ಆನ್‌ಲೈನೇ ಗತಿ. ಗ್ಯಾಸ್ಕೆಟ್ 240, ತಲುಪಿಸಲು 49. ಬರುವವರೆಗೆ ನಾಲ್ಕು ದಿನ ಬೇಳೆ ತಪ್ಪಲೆಯಲ್ಲಿ.

ಅವತ್ತು ಆ ಪುಟವನ್ನು ಮತ್ತೆ ತೆಗೆದೆ. ನೂರಾರು ಇಂಗ್ಲಿಷ್, ಹಿಂದಿ ವಿಮರ್ಶೆಗಳ ನಡುವೆ ಕನ್ನಡದಲ್ಲಿ ಬರೆದದ್ದು ಒಂದೇ ಒಂದು ಇತ್ತು. ಆ ರಾತ್ರಿ ಅದನ್ನು ನೋಡಿಯೇ ನನಗೆ ಧೈರ್ಯ ಬಂದದ್ದು, ನಮ್ಮ ಕಡೆಯವರು ಯಾರೋ ಬಳಸಿದ್ದಾರೆ ಅಂತ. "ಬೇಳೆ ಚೆನ್ನಾಗಿ ಬೇಯುತ್ತೆ" ಅಂತ ಶುರುವಾಗಿತ್ತು. ಅಷ್ಟು ಓದಿ ಖರೀದಿ ಒತ್ತಿದ್ದೆ. ಅದರ ಮುಂದಿನ ವಾಕ್ಯ: "ಗ್ಯಾಸ್ಕೆಟ್ ಅಂಗಡೀಲಿ ಸಿಗಲ್ಲ, ನೋಡ್ಕೊಳ್ಳಿ."

ಕುಕ್ಕರಿಗೆ ನನ್ನ ಕಡೆಯಿಂದ ಮೂರೂವರೆ, ಬದಲಾಯಿಸಿಕೊಟ್ಟ ರೀತಿಗೆ ಎರಡು. ಅತ್ತೆ ತಮ್ಮ ಹಳೇ ಕುಕ್ಕರಿಗೆ ಅದೇ ಅಂಗಡಿಯಲ್ಲಿ ಹೊಸ ಹಿಡಿ ಹಾಕಿಸಿಕೊಂಡು ಬಂದಿದ್ದಾರೆ. ನಾನು ಆ ಪುಟದಲ್ಲಿ ಎರಡನೇ ಕನ್ನಡ ವಿಮರ್ಶೆ ಹಾಕಿದೆ. ಗ್ಯಾಸ್ಕೆಟ್ ವಿಷಯ ಮೊದಲ ಸಾಲಿನಲ್ಲೇ ಬರೆದಿದ್ದೇನೆ.