ಉಚ್ಚೆ ಸೋರುವ ನಾಯಿಗೆ ಮಾತ್ರೆ ಶುರು ಮಾಡುವ ಮೊದಲು ಬಿ.ಪಿ. ನೋಡಿಸಿ

ಮಲಗಿದಲ್ಲೇ ಉಚ್ಚೆ ಸೋರುತ್ತದೆ ಅಂತ ನಿಮ್ಮ ನಾಯಿಗೆ ಡಾಕ್ಟರ್ ಫಿನೈಲ್‌ಪ್ರೊಪನೊಲಮೀನ್ ಬರೆದುಕೊಟ್ಟಿದ್ದಾರಾ? ಹಾಗಾದರೆ ಮೊದಲ ಮಾತ್ರೆ ಕೊಡುವ ಮುಂಚೆ ಅದರ ಬಿ.ಪಿ. ನೋಡಿಸಿ. ನಮ್ಮ ನಾಯಿಗೆ ಯಾರೂ ನೋಡಲಿಲ್ಲ. ಈಗ ಅವಳಿಗೆ ಎಡಗಣ್ಣು ಕಾಣಿಸುವುದಿಲ್ಲ.

ಅವಳಿಗೆ ವಯಸ್ಸಾಗಿದೆ, ಮರಿಯಾಗದಂತೆ ಆಪರೇಷನ್ ಆಗಿದೆ. ಇಂಥ ಹೆಣ್ಣುನಾಯಿಗಳಲ್ಲಿ ಈ ತೊಂದರೆ ಸಾಮಾನ್ಯ. ಆಪರೇಷನ್ ಆದಮೇಲೆ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ಕಡಿಮೆಯಾಗಿ, ಮೂತ್ರದ ದಾರಿಯನ್ನು ಬಿಗಿಹಿಡಿಯುವ ಸ್ನಾಯು ಸಡಿಲವಾಗುತ್ತದೆ. ಎಚ್ಚರ ಇರುವಾಗ ಸರಿಯಾಗೇ ಇರುತ್ತವೆ, ನಿದ್ದೆಯಲ್ಲಿ ಸೋರುತ್ತದೆ. ಪಾಪ, ಅವಕ್ಕೆ ಗೊತ್ತೇ ಆಗುವುದಿಲ್ಲ. ಅದಕ್ಕಾಗಿ ದಯವಿಟ್ಟು ಬೈಯಬೇಡಿ.

ಆದರೆ ನಮ್ಮವಳು ನೀರನ್ನೂ ಜಾಸ್ತಿ ಕುಡಿಯುತ್ತಿದ್ದಳು. ಕ್ಲಿನಿಕ್‌ನಲ್ಲಿ ಇದನ್ನು ಎರಡೆರಡು ಸಲ ಹೇಳಿದೆ. "ವಯಸ್ಸಾಯ್ತಲ್ಲ" ಎಂದು ಚೀಟಿ ಬರೆದರು. ಉಚ್ಚೆ ಪರೀಕ್ಷೆಯಿಲ್ಲ, ರಕ್ತ ಪರೀಕ್ಷೆಯಿಲ್ಲ. ನೀರು ಹೆಚ್ಚು ಕುಡಿದು ಉಚ್ಚೆ ಹೆಚ್ಚಾಗುತ್ತಿದ್ದರೆ ಅದು ಕಿಡ್ನಿ ತೊಂದರೆ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು. ಮೂತ್ರಕೋಶದ ಸೋಂಕಿನಿಂದಲೂ, ಕಲ್ಲಿನಿಂದಲೂ ಉಚ್ಚೆ ಸೋರಬಹುದು. ಇವುಗಳಿಗೆಲ್ಲ ಚಿಕಿತ್ಸೆಯೇ ಬೇರೆ.

ಮಾತ್ರೆ ಚೆನ್ನಾಗಿಯೇ ಕೆಲಸ ಮಾಡಿತು. ಕೆಲವೇ ದಿನಗಳಲ್ಲಿ ಹಾಸಿಗೆ ಒಣಗಿತು. ನಮ್ಮನ್ನು ದಾರಿ ತಪ್ಪಿಸಿದ್ದೇ ಅದು. ಈ ಔಷಧಿ ಮೂತ್ರದ ದಾರಿಯ ಸ್ನಾಯುವನ್ನು ಬಿಗಿ ಮಾಡುತ್ತದೆ ನಿಜ, ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ರಕ್ತನಾಳಗಳನ್ನೂ ಬಿಗಿ ಮಾಡುತ್ತದೆ, ಬಿ.ಪಿ. ಏರುತ್ತದೆ. ಅವಳು ರಾತ್ರಿಯೆಲ್ಲ ಏದುಸಿರು ಬಿಡುತ್ತಾ ಮನೆ ತುಂಬಾ ಓಡಾಡತೊಡಗಿದಳು. ಊಟ ಬಿಟ್ಟಳು. ಫೋನ್ ಮಾಡಿದರೆ ಕೇಳಿದ್ದು ಒಂದೇ: "ಹಾಸಿಗೆ ಒದ್ದೆ ಆಗ್ತಿಲ್ಲ ಅಲ್ವಾ? ಹಾಗಾದ್ರೆ ಮುಂದುವರಿಸಿ." ನನಗೆ ಇವತ್ತಿಗೂ ಸಿಟ್ಟು ಬರುವುದು ಈ ಮಾತಿಗೆ. ಒಂದು ಸಲ ಕರೆಸಿ ಬಿ.ಪಿ. ನೋಡಿದ್ದರೆ ಸಾಕಿತ್ತು.

ಆಮೇಲೆ ಬಾಗಿಲಿಗೆ, ಕುರ್ಚಿ ಕಾಲಿಗೆ ಡಿಕ್ಕಿ ಹೊಡೆಯತೊಡಗಿದಳು. ಕಣ್ಣಿನ ಪಾಪೆ ದೊಡ್ಡದಾಗಿತ್ತು, ಬೆಳಕಿಗೂ ಕಿರಿದಾಗುತ್ತಿರಲಿಲ್ಲ. ಬೇರೆ ಡಾಕ್ಟರ್ ಹತ್ತಿರ ಓಡಿದೆವು. ಅವರು ಕಾಲಿಗೆ ಸಣ್ಣ ಪಟ್ಟಿ ಸುತ್ತಿ, ಅವಳು ಸಮಾಧಾನವಾಗುವವರೆಗೆ ಕಾದು, ಮತ್ತೆ ಮತ್ತೆ ಅಳೆದರು. ಭಯದಿಂದಲೂ ಬಿ.ಪಿ. ಏರುತ್ತದೆ, ಅದಕ್ಕೆ ಒಂದೇ ಅಳತೆ ಸಾಲದು. ಮೇಲಿನ ಅಂಕಿ 210 ಇತ್ತು. ನಾಯಿಗಳಲ್ಲಿ ಅದು 140ರ ಒಳಗಿರಬೇಕು. 180 ದಾಟಿದರೆ ಕಣ್ಣು, ಮೆದುಳು, ಹೃದಯ, ಕಿಡ್ನಿಗೆ ಹಾನಿಯಾಗುವ ಅಪಾಯ ತುಂಬಾ ಹೆಚ್ಚು. ಎರಡೂ ಕಣ್ಣಿನ ರೆಟಿನಾ, ಅಂದರೆ ಬೆಳಕನ್ನು ಗ್ರಹಿಸುವ ಒಳಪದರ, ಕಳಚಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಸೋತಿರುವುದೂ ಗೊತ್ತಾಯಿತು. ಕಿಡ್ನಿಯಿಂದ ಮೊದಲೇ ಏರಿದ್ದ ಬಿ.ಪಿ.ಯನ್ನು ಈ ಮಾತ್ರೆ ಇನ್ನೂ ಮೇಲಕ್ಕೆ ತಳ್ಳಿರಬೇಕು ಎಂದರು. ಆ ಮಾತ್ರೆ ನಿಲ್ಲಿಸಿ, ಬಿ.ಪಿ. ಇಳಿಸುವ ಆಮ್ಲೊಡಿಪಿನ್ ಶುರು ಮಾಡಿದರು. ಬಲಗಣ್ಣಿಗೆ ನೋಟ ಸ್ವಲ್ಪ ಮರಳಿತು.

ಔಷಧಿಯೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇದರಿಂದಲೇ ವರ್ಷಗಟ್ಟಲೆ ಆರಾಮಾಗಿರುವ ನಾಯಿಗಳಿವೆ. ಆದರೆ ಸುಮ್ನೆ ಕೊಡುವಂಥ ಮಾತ್ರೆ ಇದಲ್ಲ. ಮನುಷ್ಯರ ನೆಗಡಿ ಔಷಧಿಗಳಲ್ಲೂ ಇದು ಇತ್ತು. ಮೆದುಳಿನಲ್ಲಿ ರಕ್ತಸ್ರಾವದ ಅಪಾಯ ಕಂಡು 2000ದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನು ತೆಗೆಯಲು ಕಂಪನಿಗಳಿಗೆ ಹೇಳಿತು.

ಹೃದಯದ ತೊಂದರೆ, ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ಗ್ಲಾಕೋಮಾ (ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ) ಇದ್ದರೆ ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. ಬೇರೆ ಯಾವ ಮಾತ್ರೆ ನಡೆಯುತ್ತಿದ್ದರೂ ಹೇಳಿ, ಅದರಲ್ಲೂ ವಯಸ್ಸಾದ ನಾಯಿಗಳ ಮರೆವಿಗೆ ಕೊಡುವ ಸೆಲೆಜಿಲಿನ್, ಆತಂಕಕ್ಕೆ ಕೊಡುವ ಕ್ಲೊಮಿಪ್ರಮಿನ್ ಇದ್ದರೆ ಖಂಡಿತ. ಮಾತ್ರೆ ಶುರುವಾದ ಮೇಲೂ ಬಿ.ಪಿ. ನೋಡಿಸುತ್ತಿರಿ. ಒಂದು ಹೊತ್ತು ತಪ್ಪಿದರೆ ಮುಂದಿನ ಸಲ ಎರಡು ಕೊಡಬೇಡಿ. ಡಬ್ಬಿಯನ್ನು ಬೀಗ ಹಾಕುವ ಕಪಾಟಿನಲ್ಲಿಡಿ. ಜಗಿದು ತಿನ್ನುವ ಮಾತ್ರೆಗಳ ರುಚಿಗೆ ನಾಯಿಗಳು ಪ್ಲಾಸ್ಟಿಕ್ ಡಬ್ಬಿಯನ್ನೇ ಕಚ್ಚಿ ಒಳಗಿನ ಮಾತ್ರೆಗಳನ್ನೆಲ್ಲ ನುಂಗಿದ್ದುಂಟು.

ನಮ್ಮವಳಿಗೆ ಈಗ ಒಗೆದು ಬಳಸುವ ಪ್ಯಾಡ್ ಹಾಸುತ್ತೇವೆ. ಚರ್ಮ ಹುಣ್ಣಾಗದಂತೆ ಹಿಂಭಾಗವನ್ನು ದಿನಾ ಒರೆಸಿ ಒಣಗಿಸುತ್ತೇವೆ. ಅಷ್ಟೇನೂ ಕಷ್ಟವಲ್ಲ.

ಈ ಮಾತ್ರೆ ತಿನ್ನುತ್ತಿರುವ ನಾಯಿ ನಿದ್ದೆಯಿಲ್ಲದೆ ಚಡಪಡಿಸಿದರೆ, ಊಟ ಬಿಟ್ಟರೆ, ಮುಂದಿನ ಮಾತ್ರೆ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ನಡೆಯುವಾಗ ತೂರಾಡಿದರೆ, ಡಿಕ್ಕಿ ಹೊಡೆದರೆ, ಪಾಪೆ ದೊಡ್ಡದಾಗಿ ಹಾಗೇ ಉಳಿದರೆ ಬೆಳಗಾಗುವವರೆಗೆ ಕಾಯಬೇಡಿ. ಮಾತ್ರೆ ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಆಗಲೇ ಹೊರಡಿ.