ಲೊಕೇಶನ್ ಗುಟ್ಟಾಗಿಡಲು ಯಾವ ದಾರಿ? ಮೂರನ್ನೂ ಒಂದೊಂದು ವಾರ ನೋಡಿದೆ

ಹೋದ ತಿಂಗಳು ಫೋನಿನ ಸೆಟ್ಟಿಂಗ್ಸ್ ತೆರೆದಾಗ ಎದೆ ಧಸಕ್ಕೆಂದಿತು. ನನ್ನ ಪಂಚಾಂಗದ ಆ್ಯಪ್‌ಗೆ ದಿನವಿಡೀ ಲೊಕೇಶನ್ ನೋಡುವ ಅನುಮತಿ ಇತ್ತು. ಸೂರ್ಯೋದಯ ಲೆಕ್ಕ ಹಾಕಲು ಊರು ಗೊತ್ತಾದರೆ ಸಾಕು, ಅಲ್ವಾ? ನಾನು ಯಾವ ಆಸ್ಪತ್ರೆಗೆ ಹೋದೆ ಎಂಬುದು ಅದಕ್ಕೆ ಯಾಕೆ ಬೇಕು?

ವಾರಕ್ಕೆರಡು ಸಲ ಕಾಸರಗೋಡಿನ ಬದಿಯಡ್ಕದಿಂದ ಮಂಗಳೂರಿಗೆ ಹೋಗುತ್ತೇನೆ. ಆ ಓಡಾಟದಲ್ಲೇ ಮೂರು ದಾರಿ ನೋಡಿದೆ.

ಮೊದಲ ವಾರ ಲೊಕೇಶನ್ ಪೂರ್ತಿ ಆಫ್. ನೆಮ್ಮದಿ ಅನಿಸಿತು. ಆದರೆ ರಾತ್ರಿ ಬಸ್ಸಿನಲ್ಲಿ ಬರುವಾಗ ಅಕ್ಕನಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಗಂಟೆ ಲೈವ್ ಲೊಕೇಶನ್ ಕಳಿಸುವ ರೂಢಿ ನನಗೆ. ಅದಕ್ಕೆಂದು ಆನ್ ಮಾಡಿದವಳು ಆಫ್ ಮಾಡಲು ಮರೆತೆ. ಎರಡು ದಿನ ಎಲ್ಲ ಆ್ಯಪ್‌ಗಳಿಗೂ ಬಾಗಿಲು ತೆರೆದೇ ಇತ್ತು. ಇನ್ನೊಂದು ವಿಷಯ: ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿದರೆ ಫೋನ್ ಹಿಡಿಯುವ ಟವರ್ ಬೇರೆ. ಯಾವ ಟವರ್ ಎಂದು ಸಿಮ್ ಕಂಪೆನಿಗೆ ಗೊತ್ತೇ ಇರುತ್ತದೆ. ಲೊಕೇಶನ್ ಆಫ್ ಮಾಡಿದರೂ ಅದು ತಪ್ಪದು.

ಎರಡನೇ ವಾರ ವಿಪಿಎನ್, ಅಂದರೆ ನಮ್ಮ ಇಂಟರ್ನೆಟ್ಟನ್ನು ಬೇರೆ ಊರಿನ ಸರ್ವರ್ ಮೂಲಕ ಕಳಿಸುವ ಆ್ಯಪ್. ಸಿಂಗಾಪುರ ಆರಿಸಿದೆ. ವೆಬ್‌ಸೈಟ್‌ಗಳು ನಂಬಿದವು. ಮ್ಯಾಪ್ ತೆರೆದರೆ ನೀಲಿ ಚುಕ್ಕೆ ಕುಂಬಳೆಯಲ್ಲೇ! ವಿಪಿಎನ್ ಮರೆಮಾಡುವುದು ಐಪಿ ವಿಳಾಸವನ್ನು (ಇಂಟರ್ನೆಟ್‌ನಲ್ಲಿ ನಮ್ಮನ್ನು ಗುರುತಿಸುವ ಸಂಖ್ಯೆ), ಜಿಪಿಎಸ್ಸನ್ನಲ್ಲ. ಇದಕ್ಕೆಂದೇ ದುಡ್ಡು ಕೊಡಬೇಡಿ.

ಮೂರನೆಯದು ತಾಳ್ಮೆ ಬೇಡುತ್ತದೆ, ನನಗೆ ಹಿಡಿಸಿದ್ದೂ ಅದೇ. ಒಂದೊಂದೇ ಆ್ಯಪ್ ತೆರೆದು ಅನುಮತಿ ಬದಲಿಸಿದೆ. ಮ್ಯಾಪ್‌ಗೆ 'ಬಳಸುವಾಗ ಮಾತ್ರ'. ಹವಾಮಾನ, ಪಂಚಾಂಗಕ್ಕೆ ಅಂದಾಜು ಜಾಗ ಮಾತ್ರ. ಅಂದಾಜು ಜಾಗ ಕೊಡುವ ಈ ಸೌಲಭ್ಯ ಐಫೋನಿಗೆ 2020ರಲ್ಲಿ ಐಓಎಸ್ 14ರೊಂದಿಗೆ, ಆಂಡ್ರಾಯ್ಡ್‌ಗೆ 2021ರಲ್ಲಿ 12ನೇ ಆವೃತ್ತಿಯೊಂದಿಗೆ ಬಂತು. ಮಳೆಯ ಮುನ್ಸೂಚನೆ, ಸೂರ್ಯೋದಯ ಎರಡೂ ಮೊದಲಿನಂತೆಯೇ ಸಿಗುತ್ತಿವೆ. ಮಂಗಳೂರಿನಲ್ಲಿ ಆಟೋ ಕರೆಯುವಾಗ ಮಾತ್ರ ಅಂದಾಜು ಸಾಲಲಿಲ್ಲ, ಡ್ರೈವರ್ ಬೇರೆ ರಸ್ತೆಗೆ ಹೋದರು. ಅಲ್ಲಿ 'ಈ ಸಲ ಮಾತ್ರ' ಎಂದು ಒತ್ತಿ ನಿಖರ ಜಾಗ ಕೊಡುತ್ತೇನೆ.

ಕ್ಯಾಮೆರಾಗೆ ಲೊಕೇಶನ್ ಬೇಡವೇ ಬೇಡ. ಕೊಟ್ಟರೆ ತೆಗೆದ ಜಾಗವೂ ಫೋಟೋದೊಳಗೆ ಸೇರಿಕೊಳ್ಳುತ್ತದೆ. ಮನೆಯಲ್ಲಿ ತೆಗೆದ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಮನೆ ಎಲ್ಲಿದೆ ಎಂಬುದೂ ಜೊತೆಗೇ ಹೋಗುತ್ತದೆ.

ಅಮ್ಮನದು ಹಳೇ ಫೋನ್, ಆಂಡ್ರಾಯ್ಡ್ 9. ಅದರಲ್ಲಿ ಕೊಡು ಅಥವಾ ಬೇಡ, ಎರಡೇ. ಹಾಗಾಗಿ ಮ್ಯಾಪ್ ಬಿಟ್ಟು ಎಲ್ಲದಕ್ಕೂ ಬೇಡ ಎಂದು ಒತ್ತಿದೆ. ಪಂಚಾಂಗಕ್ಕೆ ಕಾಸರಗೋಡು ಎಂದು ನಾನೇ ಟೈಪ್ ಮಾಡಿ ಕೊಟ್ಟೆ.