ಸುಲಿಯದೆ ತಿನ್ನುವ ಹಣ್ಣು: ಒಂದು ಡಬ್ಬಿ ಕುಮ್‌ಕ್ವಾಟ್

ಕಳೆದ ತಿಂಗಳು ಮಲ್ಲೇಶ್ವರದ ಹಣ್ಣಿನಂಗಡಿಯೊಂದರಲ್ಲಿ 280 ರೂಪಾಯಿ ಕೊಟ್ಟು ಕಿತ್ತಳೆಯ ಬಳಗಕ್ಕೆ ಸೇರಿದ ಕುಮ್‌ಕ್ವಾಟ್ ಹಣ್ಣನ್ನು 250 ಗ್ರಾಂ ತಂದೆ. ಅಷ್ಟು ಹಣಕ್ಕೆ ಕಿತ್ತಳೆಯೇ ಚೀಲ ತುಂಬ ಬರುತ್ತದೆ; ಹೆಬ್ಬೆರಳಿನ ಮೇಲ್ಗೆಣ್ಣಿನಷ್ಟಿರುವ ಈ ಹಣ್ಣಿಗೆ ಇಷ್ಟೇಕೆ ಎಂದು ಮನೆಯಲ್ಲಿ ಆಕ್ಷೇಪ ಬಂದದ್ದು ಸಹಜವೇ. ಡಬ್ಬಿಯಲ್ಲಿ 22 ಹಣ್ಣುಗಳಿದ್ದವು. ತಳದಲ್ಲಿದ್ದ ಎರಡು ತೊಟ್ಟಿನ ಬಳಿ ಮೆತ್ತಗಾಗಿದ್ದವು, ಬೆಳೆದ ಊರಾಗಲಿ ಪ್ಯಾಕ್ ಮಾಡಿದ ದಿನಾಂಕವಾಗಲಿ ಎಲ್ಲಿಯೂ ಇರಲಿಲ್ಲ. ಸಿಪ್ಪೆ ಸಮೇತ ತಿನ್ನುವ ಹಣ್ಣಿನ ಮಟ್ಟಿಗೆ ಇದು ಸಣ್ಣ ಲೋಪವಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಒಂದೊಂದನ್ನೂ ಉಜ್ಜಿ ತೊಳೆದ ಮೇಲೆಯೇ ಬಳಸಿದೆ.

ಮೊದಲ ಹಣ್ಣನ್ನು ಕಿತ್ತಳೆಯಂತೆ ಸುಲಿಯಲು ಹೋಗಿ ಕೆಡಿಸಿದೆ. ಬೇರೆ ಹುಳಿಹಣ್ಣುಗಳಿಗೆ ಇದು ತೀರ ತದ್ವಿರುದ್ಧ: ಸಿಪ್ಪೆ ಸಿಹಿ, ಒಳಗಿನ ತೊಳೆ ಹುಳಿ. ಬೆರಳುಗಳ ನಡುವೆ ಎರಡು ಬಾರಿ ಹೊರಳಿಸಿದರೆ ಸಿಪ್ಪೆಯ ಎಣ್ಣೆ ಬಿಟ್ಟುಕೊಂಡು ಘಮ ಏಳುತ್ತದೆ; ಆಗ ಇಡಿಯಾಗಿ ಬಾಯಿಗೆ ಹಾಕಿಕೊಂಡರೆ ಮೊದಲು ಸಿಹಿ, ಮರುಕ್ಷಣ ಕಣ್ಣು ಕಿರಿದಾಗುವಷ್ಟು ಹುಳಿ. ಇದರ ತವರು ದಕ್ಷಿಣ ಚೀನಾ, ಕ್ಯಾಂಟನೀಸ್ ಭಾಷೆಯಲ್ಲಿ ಹೆಸರಿನ ಅರ್ಥ ಚಿನ್ನದ ಕಿತ್ತಳೆ. 1846ರಲ್ಲಿ ಇದನ್ನು ಯುರೋಪಿಗೆ ಒಯ್ದ ಸಸ್ಯಸಂಗ್ರಾಹಕ ರಾಬರ್ಟ್ ಫಾರ್ಚೂನ್‌ನ ನೆನಪಿಗೆ 1915ರಲ್ಲಿ ಇದನ್ನು ‘ಫಾರ್ಚುನೆಲ್ಲಾ’ ಎಂಬ ಪ್ರತ್ಯೇಕ ಕುಲಕ್ಕೆ ಸೇರಿಸಿದ್ದರು. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಇದು ಹೇರಳೆ, ಕಂಚಿಗಳ ನೆಂಟನೇ.

ಆ ನೆಂಟಸ್ತಿಕೆಯನ್ನು ನಂಬಿಯೇ ಗೊಜ್ಜಿಗೆ ಕೈಹಾಕಿದೆ. ಹತ್ತು ಹಣ್ಣುಗಳನ್ನು ಅಡ್ಡಡ್ಡಲಾಗಿ ಬಿಲ್ಲೆ ಹೆಚ್ಚಿ, ಚಾಕುವಿನ ಮೊನೆಯಿಂದ ಬೀಜಗಳನ್ನೆಲ್ಲ ಎತ್ತಿದೆ. ಬೀಜ ಉಳಿದರೆ ಕಹಿ ಖಂಡಿತ. ಕುದಿಯುವ ನೀರಿನಲ್ಲಿ ಎರಡು ನಿಮಿಷ ಬಿಟ್ಟು ಬಸಿದು, ಕಲ್ಚಟ್ಟಿಯಲ್ಲಿ ಎಳ್ಳೆಣ್ಣೆ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ ಹಾಕಿ, ತೆಳ್ಳಗಿನ ಹುಣಸೆರಸ, ಸಾರಿನ ಪುಡಿ, ಉಪ್ಪು, ಬೆಲ್ಲ ಸೇರಿಸಿದೆ. ಕುದಿಯುತ್ತ ಬಂದಂತೆ ಬಿಲ್ಲೆಗಳು ಗಾಜಿನಂತೆ ತಿಳಿಯಾದವು. ಹುರಿದ ಎಳ್ಳಿನ ಪುಡಿ ಉದುರಿಸಿ ಇಳಿಸಿದೆ. ಹೇರಳೆಕಾಯಿಗೆ ಬೇಕಾಗುವ ಬೆಲ್ಲದಲ್ಲಿ ಅರ್ಧವೇ ಸಾಕಾಯಿತು, ಏಕೆಂದರೆ ಇಲ್ಲಿ ಪಳಗಿಸಬೇಕಾದ ಕಹಿ ಬಹಳ ಕಡಿಮೆ. ಆಕ್ಷೇಪಿಸಿದ್ದ ಅತ್ತೆಯವರೇ ಬಿಸಿ ಅನ್ನಕ್ಕೆ ಎರಡನೆಯ ಬಾರಿ ಬಡಿಸಿಕೊಂಡು, “ಹೇರಳೆಕಾಯಿಯಷ್ಟು ಗತ್ತಿಲ್ಲ, ಆದರೆ ಜಗಳಗಂಟಿಯೂ ಅಲ್ಲ” ಎಂದರು. ನನಗೂ ಆ ಕಹಿಯ ಗತ್ತು ಸ್ವಲ್ಪ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಮುಂದಿನ ಸಲ ನಾಲ್ಕು ಕಾಳು ಮೆಂತ್ಯ ಹಾಕುತ್ತೇನೆ.

ಚಿತ್ರಾನ್ನಕ್ಕೆ ಸಿಪ್ಪೆಯನ್ನು ಎಳೆಎಳೆಯಾಗಿ ಹೆಚ್ಚಿ ಬೆರೆಸಿದ್ದು ಚೆನ್ನಾಗಿಯೇ ಇತ್ತು. ಉಪ್ಪು, ಮೆಣಸಿನಪುಡಿ ಬೆರೆಸಿಟ್ಟ ಆರು ಹಣ್ಣುಗಳ ಉಪ್ಪಿನಕಾಯಿ ವಾರದೊಳಗೇ ಮೆತ್ತಗಾಗಿ ಮೊಸರನ್ನಕ್ಕೆ ಒದಗಿತು. ಪಾನಕ ಮಾತ್ರ ವ್ಯರ್ಥ ಪ್ರಯತ್ನ: ಮೂರು ಹಣ್ಣು ಹಿಂಡಿದರೂ ಎರಡು ಚಮಚ ರಸ ಬರಲಿಲ್ಲ. ರಸ ಬೇಕಾದವರು ನಿಂಬೆಹಣ್ಣನ್ನೇ ಕೊಳ್ಳುವುದು ಲೇಸು.

ಕೊಳ್ಳುವವರಿಗೆ ಒಂದು ಎಚ್ಚರಿಕೆ ಅಗತ್ಯ. ಎರಡು ವರ್ಷದ ಹಿಂದೆ ನಗರದ ನರ್ಸರಿಯೊಂದರಲ್ಲಿ ಕುಮ್‌ಕ್ವಾಟ್ ಎಂದು ಹೇಳಿ ನನಗೆ ಮಾರಿದ ಕುಂಡದ ಗಿಡ ವಾಸ್ತವದಲ್ಲಿ ಕ್ಯಾಲಮಾಂಡಿನ್ ಆಗಿತ್ತು. ಕುಮ್‌ಕ್ವಾಟ್ ಮತ್ತು ಮ್ಯಾಂಡರಿನ್ ಕಿತ್ತಳೆಯ ಬೆರಕೆಯಾದ ಅದು ಗುಂಡಗಿದ್ದು, ತೆಳು ಸಿಪ್ಪೆ ಸುಲಭವಾಗಿ ಕಳಚಿಕೊಳ್ಳುತ್ತದೆ, ಒಳಗೆ ತುಂಬ ಹುಳಿರಸ, ಹಿಂಡಿಕೊಳ್ಳಲು ಒಳ್ಳೆಯದೇ. ಕುಮ್‌ಕ್ವಾಟ್‌ನಲ್ಲಿಯೂ ಗುಂಡಗಿನ ತಳಿಗಳಿರುವುದರಿಂದ ಆಕಾರವೊಂದನ್ನೇ ನಂಬದೆ, ಒಂದು ಹಣ್ಣು ಕೇಳಿ ಸಿಪ್ಪೆ ಕಚ್ಚಿ ನೋಡಬೇಕು. ಡಬ್ಬಿಯಾದರೆ ಹಣ ಕೊಡುವ ಮೊದಲು ಒಮ್ಮೆ ಬೋರಲು ಹಾಕಿ ತಳ ನೋಡಿ.